ಜೋಯಿಸರ ಕುದುರೆ

ಹೊಳೆದಂಡೆಯ ಆಶ್ರಮದಲ್ಲಿ ಬೆಳಿಗ್ಗೆ ಶಾಸ್ತ್ರ, ಸಂಜೆ ಚದುರಂಗ. ಮಹಂತಯ್ಯ ಗುರುಗಳು ಎರಡನ್ನೂ ಒಂದೇ ಜಗಲಿಯ ಮೇಲೆ ಕೂತು ಕಲಿಸುತ್ತಿದ್ದರು.

ಅವರ ಶಿಷ್ಯ ಪಶುಪತಿಗೆ ಶಾಸ್ತ್ರಕ್ಕಿಂತ ಚದುರಂಗವೇ ಚೆನ್ನಾಗಿ ಹತ್ತಿತ್ತು. ಒಮ್ಮೆ ಆಡಿದ ಆಟವನ್ನು ಅವನು ಮರೆಯುತ್ತಿರಲಿಲ್ಲ. ಸೋಲುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ.

ವಾರಕ್ಕೊಂದು ಸಂಜೆ ಅವನ ಜೊತೆ ಆಡಲು ಸಣ್ಣೀರ ಬರುತ್ತಿದ್ದ. ಹೊಳೆಯಲ್ಲಿ ಹರಿಗೋಲು ಹಾಕುವವನು, ಓದು ಬರಹ ಗೊತ್ತಿಲ್ಲದವನು. ಮೂರು ವರ್ಷ ಬಂದ, ಮೂರು ವರ್ಷವೂ ಸೋತ. ಸೋತಾಗಲೆಲ್ಲ ತಲೆ ಕೆರೆದುಕೊಂಡು ನಗುತ್ತಿದ್ದ.

"ಆ ಒಂಟೆ ಎಲ್ಲಿ ಕೂತಿತ್ತು ಬುದ್ಧಿ? ನಂಗೆ ಕಾಣ್ಲೇ ಇಲ್ವಲ್ಲ!"

ಹಾಗೆನ್ನುತ್ತ ಹೊಳೆಗೆ ಇಳಿದು ಹೋಗುತ್ತಿದ್ದ.

ಒಂದು ಸಂಜೆ ಆಟ ತಿರುಗಿತು.

ಸಣ್ಣೀರನ ಮಂತ್ರಿಯೂ ಕುದುರೆಯೂ ಪಶುಪತಿಯ ರಾಜನ ಬಾಗಿಲಿಗೇ ಬಂದು ನಿಂತವು. ಮುಂದೇನಾಗುತ್ತದೆ ಎಂಬುದು ಪಶುಪತಿಗೆ ಕಂಡಿತು. ಇನ್ನು ಮೂರೇ ನಡೆ.

ಅವನ ಕಿವಿ ಬಿಸಿಯಾಯಿತು. ಎದ್ದು ನಿಂತ. ಹೆಗಲ ವಸ್ತ್ರವನ್ನು ಸರಿಮಾಡಿಕೊಳ್ಳುವವನಂತೆ ಒಮ್ಮೆ ಬೀಸಿದ. ಕಾಯಿಗಳೆಲ್ಲ ಜಗಲಿಯಿಂದ ಅಂಗಳಕ್ಕೆ ಉರುಳಿದವು.

"ಅಯ್ಯೋ, ವಸ್ತ್ರ ತಗುಲಿಬಿಡ್ತು!" ಎಂದ.

ಸಣ್ಣೀರ ಎದ್ದ. ಕೆಳಗಿಳಿದು ಒಂದೊಂದೇ ಕಾಯಿ ಆರಿಸಿ, ಮಣ್ಣು ಒರೆಸಿ, ಮಣೆಯ ಮೇಲಿಟ್ಟು ಹೋದ. ಆ ದಿನ ಅವನು ನಗಲಿಲ್ಲ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಗುರುಗಳು ಎಲ್ಲವನ್ನೂ ನೋಡಿದ್ದರು. ಮೂರನೆಯ ವಾರ ಒಳಗಿನಿಂದ ಒಂದು ಹಳೆಯ ಕಡತ ತಂದು ಪಶುಪತಿಯ ಮುಂದಿಟ್ಟರು.

"ಇದು ನೂರು ವರ್ಷದ ಹಿಂದಿನ ಆಟ. ಪಾಳೆಯಗಾರರ ಚಾವಡಿಯಲ್ಲಿ ಕಿಟ್ಟಾಜೋಯಿಸರೂ ಮುನ್ಷಿ ಬುಡನ್ ಸಾಹೇಬರೂ ಮೂರು ದಿನ ಕೂತು ಆಡಿದ್ದು. ಮೂವತ್ತೊಂದು ನಡೆ. ಗೆದ್ದವರು ಜೋಯಿಸರು."

"ಕೇಳಿದ್ದೇನೆ ಗುರುಗಳೇ."

"ಕೇಳಿದ್ದು ಸಾಕು, ಈಗ ನೋಡು. ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ನಡೆ ಯಾವುದು, ಹುಡುಕಿ ಹೇಳು. ಅಲ್ಲಿಯವರೆಗೆ ಯಾರ ಜೊತೆಗೂ ಆಡಬೇಡ."

ಪಶುಪತಿ ಒಳಗೊಳಗೇ ನಕ್ಕ. ನಾಳೆ ಬೆಳಿಗ್ಗೆ ಹೇಳಿ ಮುಗಿಸಿದರಾಯಿತು.

ಬೆಳಿಗ್ಗೆ ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಇಪ್ಪತ್ತನಾಲ್ಕನೆಯದು ಗುರುಗಳೇ. ಜೋಯಿಸರು ತಮ್ಮ ಆನೆಯನ್ನೇ ಸಾಹೇಬರ ಬಾಯಿಗೆ ಕೊಡ್ತಾರೆ. ಅದನ್ನ ತೆಗೆದುಕೊಂಡರೆ ರಾಜ ಮನೆ ಬಿಟ್ಟು ಬಯಲಿಗೆ ಬರಬೇಕು. ಅಲ್ಲಿಗೆ ಕಥೆ ಮುಗೀತು!"

"ಅದಲ್ಲ," ಎಂದರು ಗುರುಗಳು.

ಪಶುಪತಿ ಮತ್ತೆ ಮಣೆಯ ಮುಂದೆ ಕೂತ. ಎರಡು ದಿನ ಬಿಟ್ಟು ಬಂದ.

"ಹದಿನೈದನೆಯದು. ಎದುರಾಳಿಯ ಕೋಟೆ ಮುಂದೆ ನಿಂತಿದ್ದ ಜೋಯಿಸರ ಕುದುರೆ, ಯಾರೂ ಅಟ್ಟದೇ ಇದ್ದರೂ, ತಾನಾಗಿ ತನ್ನ ಮೊದಲಿನ ಮನೆಗೆ ವಾಪಸ್ಸು ಹೋಗುತ್ತೆ. ನೋಡಿದವರು ಹೆದರಿತು ಅಂದುಕೊಳ್ಳಬೇಕು. ಅಲ್ಲಿಂದ ನಾಲ್ಕೇ ನೆಗೆತ. ನೋಡ್ತಾ ನೋಡ್ತಾ ಇನ್ನೊಂದು ಮಗ್ಗುಲಲ್ಲಿ, ಕಾವಲೇ ಇಲ್ಲದ ಕಡೆ ಹೋಗಿ ನಿಂತಿರುತ್ತೆ!"

ಗುರುಗಳ ಕಣ್ಣು ಅರಳಿತು. "ಆಹಾ, ಆ ಕುದುರೆ! ಚೆನ್ನಾಗಿದೆ, ಚೆನ್ನಾಗಿದೆ."

"ಹಾಗಾದ್ರೆ ಅದೇ ತಾನೆ?"

"ಅದಲ್ಲ."

ಮುಂದಿನ ವಾರ ಪಶುಪತಿ ಒಂಟೆಯನ್ನು ಹಿಡಿದುಕೊಂಡು ಬಂದ. ಆರನೆಯ ನಡೆಯಲ್ಲಿ ಒಂದು ಕಾಲಾಳಿನ ಹಿಂದೆ ಅವಿತು ಕೂತ ಒಂಟೆ ಅದು. ಇಪ್ಪತ್ತಮೂರು ನಡೆ ಕದಲುವುದಿಲ್ಲ. ಇಪ್ಪತ್ತೊಂಬತ್ತನೆಯದರಲ್ಲಿ ಕಾಲಾಳು ಒಂದು ಹೆಜ್ಜೆ ಮುಂದಿಟ್ಟರೆ, ಒಂಟೆಯ ದಾರಿ ತೆರೆದು ಮಣೆಯ ಆ ಮೂಲೆಯಿಂದ ಈ ಮೂಲೆಯವರೆಗೆ ಬಾಣ ಬಿಟ್ಟ ಹಾಗಾಗುತ್ತದೆ. ಹೇಳುವಾಗ ಅವನಿಗೇ ಮೈ ಜುಮ್ಮೆಂದಿತು.

"ಅದಲ್ಲ."

"ಸರಿಯಾಗಿ ಕೇಳಿಸಿಕೊಂಡಿರಾ ಗುರುಗಳೇ?"

"ಕೇಳಿಸಿಕೊಂಡೆ. ಒಂಟೆ ಬಹಳ ಜಾಣ. ಅದಲ್ಲ."

ಪಶುಪತಿಗೆ ಅನ್ನ ರುಚಿಸದಾಯಿತು. ಸ್ನಾನಕ್ಕೆ ಇಳಿದರೆ ನೀರಿನಲ್ಲೂ ಮಣೆ. ಮಂತ್ರಿಯ ನಡೆ ಹೇಳಿದ, ಕಾಲಾಳಿನ ನಡೆ ಹೇಳಿದ, ಜೋಯಿಸರು ಸುಮ್ಮನೆ ರಾಜನನ್ನು ಪಕ್ಕಕ್ಕೆ ಸರಿಸಿದ್ದನ್ನೂ ಹೇಳಿದ. ಎಲ್ಲಕ್ಕೂ ಹೆಚ್ಚಿಲ್ಲ, ಕಮ್ಮಿಯಿಲ್ಲ, ಅದೇ ಮೂರು ಅಕ್ಷರದ ಉತ್ತರ. ಕೊನೆಕೊನೆಗೆ ಗುರುಗಳು ಅವನು ಬಾಯಿ ತೆರೆಯುವ ಮೊದಲೇ ತಲೆಯಾಡಿಸುತ್ತಿದ್ದರು.

ಹೀಗೆ ತಿಂಗಳ ಮೇಲೆ ಒಂದು ವಾರ ಕಳೆಯಿತು. ಒಂದು ಬೆಳಿಗ್ಗೆ ಅವನು ಕಡತವನ್ನು ಜಗಲಿಯ ಮೇಲೆ ಕುಕ್ಕಿದ.

"ಜೋಯಿಸರ ಮೂವತ್ತೊಂದು ನಡೆಯನ್ನೂ ಹೇಳಿ ಆಯ್ತು ಗುರುಗಳೇ! ಒಂದನ್ನೂ ಬಿಟ್ಟಿಲ್ಲ. ಇನ್ನೊಂದನ್ನ ಎಲ್ಲಿಂದ ತರಲಿ? ನಾನೇ ಹುಟ್ಟಿಸಲಾ?"

ಗುರುಗಳಿಗೂ ಸಾಕಾಗಿತ್ತು. ಹಣೆ ಉಜ್ಜಿಕೊಂಡರು.

"ಪಶುಪತಿ, ಚದುರಂಗ ಎಷ್ಟು ಜನರ ಆಟ?"

"ಇಬ್ಬರದು! ಅದನ್ನೂ ಕೇಳ್ತೀರಾ?"

"ಕೇಳೋ ಹಾಗಾಯ್ತಲ್ಲ," ಎಂದು ಗುರುಗಳು ನಿಟ್ಟುಸಿರುಬಿಟ್ಟು ಒಳಗೆ ಹೋದರು.

ಪಶುಪತಿಗೆ ಸಿಟ್ಟು ನೆತ್ತಿಗೇರಿತ್ತು. ಆ ಪ್ರಶ್ನೆ ಅವನ ತಲೆಯೊಳಗೆ ಇಳಿಯಲಿಲ್ಲ. ಮುದುಕನಿಗೆ ಉತ್ತರವೇ ಗೊತ್ತಿಲ್ಲ, ನನ್ನನ್ನು ಗೋಳುಹೊಯ್ದುಕೊಳ್ಳುವುದೊಂದೇ ಗೊತ್ತು, ಎಂದುಕೊಂಡ. ಆಚೆ ದಂಡೆಯಲ್ಲಿ ಯಾರಾದರೂ ಬಲ್ಲವರು ಸಿಗುತ್ತಾರೆ. ಬಟ್ಟೆ ಗಂಟು ಕಟ್ಟಿದ. ಕಡತವನ್ನು ಬಗಲಿಗೆ ಇಟ್ಟುಕೊಂಡ. ಹೇಳದೆ ಹೊರಟುಬಿಟ್ಟ.

ಹೊಳೆ ದಾಟಲು ಇದ್ದದ್ದು ಒಂದೇ ಹರಿಗೋಲು, ಸಣ್ಣೀರನದು. ಅದು ನೆನಪಾದದ್ದು ದಂಡೆಗೆ ಬಂದ ಮೇಲೆ.

ಸಣ್ಣೀರ ಹೊಂಗೆಯ ನೆರಳಲ್ಲಿ ಬಂಡೆಯ ಮೇಲೆ ಕೂತಿದ್ದ. ಪಶುಪತಿಯನ್ನು ನೋಡಿ ಎದ್ದು ನಿಂತ. ಮರ್ಯಾದೆಗೆ ಕಮ್ಮಿಯಿಲ್ಲ. ಆದರೆ ಮುಖ ಹೊಳೆಯ ಕಡೆಗಿತ್ತು.

"ದಾಟಬೇಕು ಸಣ್ಣೀರ."

"ಒಬ್ರಿಗೇ ಹರಿಗೋಲು ಹಾಕಾಕಿಲ್ಲ ಬುದ್ಧಿ. ಇನ್ನೂ ಮೂರು ಜನ ಬರ್ಲಿ."

ಪಶುಪತಿ ಬಂಡೆಯ ಇನ್ನೊಂದು ತುದಿಯಲ್ಲಿ ಕೂತ. ಬಂಡೆಯ ಮೇಲೆ ಚೌಕಗಳನ್ನು ಗೀಚಲಾಗಿತ್ತು. ಪಕ್ಕದಲ್ಲಿ ಹೆಂಚಿನ ಚೂರು, ಕಪ್ಪೆಚಿಪ್ಪು, ಹುಣಸೆಬೀಜ. ಇಬ್ಬರೂ ಜನ ಬರುವುದನ್ನು ಕಾಯುತ್ತ ಕೂತರು.

ಕೊನೆಗೆ ಸಣ್ಣೀರನೇ ಕೇಳಿದ. "ಬಗಲಾಗೆ ಏನದು?"

"ಹಳೇ ಕಾಲದ ಒಂದು ಆಟ."

"ಚದುರಂಗವಾ?"

"ಹೂಂ."

ಸಣ್ಣೀರ ಹೊಳೆ ನೋಡಿದ, ದಾರಿ ನೋಡಿದ. ಯಾರೂ ಬರುತ್ತಿರಲಿಲ್ಲ. ತಡೆಯಲಾರದೆ ಹತ್ತಿರ ಸರಿದು, ಹೆಂಚಿನ ಚೂರುಗಳನ್ನು ಚೌಕಗಳಲ್ಲಿ ಜೋಡಿಸತೊಡಗಿದ.

ಪಶುಪತಿ ಓದುತ್ತ ಹೋದ, ಸಣ್ಣೀರ ನಡೆಸುತ್ತ ಹೋದ. ಕುದುರೆ ಹಿಂದಿರುಗಿದಾಗ ಸಣ್ಣೀರ ಹುಬ್ಬು ಗಂಟಿಕ್ಕಿದ. ನಾಲ್ಕು ನೆಗೆತ ಆದ ಮೇಲೆ ತೊಡೆ ತಟ್ಟಿದ.

"ಅಯ್ಯಯ್ಯಪ್ಪ! ಬೀಗರ ಮನೆಗೆ ಹೊಂಟವನು ಹಿತ್ತಲ ಬಾಗಿಲಿಂದ ಬಂದ ನೋಡಿ!"

ಇಪ್ಪತ್ತನಾಲ್ಕನೆಯ ನಡೆ ಬಂತು. ಜೋಯಿಸರು ಆನೆ ಕೊಟ್ಟರು, ಸಾಹೇಬರು ತೆಗೆದುಕೊಂಡರು. ಪಶುಪತಿ ಹಾಳೆ ತಿರುವಲು ಹೋದ. ಸಣ್ಣೀರ ಬೆರಳಿಟ್ಟು ತಡೆದ.

"ತಡೀರಿ ಬುದ್ಧಿ. ಮಿಕ್ಕ ಸಾಲೆಲ್ಲ ಗಿಡ್ಡ ಅವೆ. ಇದೊಂದು ಉದ್ದ ಐತೆ. ಇಲ್ಲಿ ಏನು ಬರೆದವ್ರೆ?"

ಪಶುಪತಿ ಆ ಸಾಲನ್ನು ಅದುವರೆಗೆ ಓದಿರಲಿಲ್ಲ. ಅದರಲ್ಲಿ ನಡೆ ಇರಲಿಲ್ಲ, ಹಾಗಾಗಿ ಹಾರಿಸಿಕೊಂಡು ಹೋಗುತ್ತಿದ್ದ. ಈಗ ಓದಿದ.

"'ಇಲ್ಲಿ ಸಾಹೇಬರು ಒಂದು ಜಾವದ ಹೊತ್ತು ಮಣೆ ನೋಡುತ್ತ ಕುಳಿತರು. ಬಳಿಕ ಮುಗುಳ್ನಕ್ಕು ಜೋಯಿಸರಿಗೆ ವೀಳ್ಯ ಕೊಟ್ಟು, ತಾವೂ ಹಾಕಿಕೊಂಡು, ಆನೆಯನ್ನು ತೆಗೆದರು.'"

"ಅಂದ್ರೆ ಕಂಡಿತ್ತು ಅವರಿಗೆ."

"ಕಂಡಿರಬೇಕು."

"ಆನೆ ಮುಟ್ಟದೇ ಬಿಟ್ಟಿದ್ರೆ?"

"ಆಗಲೂ ಸೋಲೇ. ಆದರೆ ಎಳೆದು ಎಳೆದು ಇನ್ನೂ ಇಪ್ಪತ್ತು ನಡೆ ತಳ್ಳಬಹುದಿತ್ತು. ಆ ಕುದುರೆ, ಆ ಒಂಟೆ ಯಾಕೆ ಅಲ್ಲಿ ಬಂದು ಕೂತಿದ್ದವು ಅಂತ ಯಾರಿಗೂ ತಿಳೀತಿರಲಿಲ್ಲ."

"ಎದ್ದು ಹೋಗಬಹುದಿತ್ತು."

"ಹೋಗಬಹುದಿತ್ತು."

"ಆದರೂ ಕೂತ್ರು. ಎಲ್ಲ ಗೊತ್ತಿದ್ದೂ ಇನ್ನು ಏಳು ನಡೆ." ಸಣ್ಣೀರ ಸಾಹೇಬರ ರಾಜನಾಗಿದ್ದ ಕಪ್ಪೆಚಿಪ್ಪನ್ನು ಮೆಲ್ಲಗೆ ಮುಟ್ಟಿದ. "ನಾನು ಆ ಚಾವಡಿಯಾಗೆ ಇದ್ದಿದ್ರೆ, ಗೆದ್ದೋರ್ಗೆ ಕೈ ಮುಗೀತಿದ್ದೆ. ಈ ಸಾಹೇಬರ ಕಾಲಿಗೆ ಬೀಳ್ತಿದ್ದೆ ಬುದ್ಧಿ."

ಅವನು ಅದನ್ನು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳಿದ್ದರೆ ಪಶುಪತಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಬುಟ್ಟಿ ಹೊತ್ತ ಇಬ್ಬರು ಹೆಂಗಸರೂ ಒಂದು ಮೇಕೆ ಹಿಡಿದುಕೊಂಡ ಗಂಡಸೂ ದಾರಿಯಲ್ಲಿ ಇಳಿದು ಬಂದರು. ಸಣ್ಣೀರ ಎದ್ದು ಹರಿಗೋಲಿನ ಹಗ್ಗ ಬಿಚ್ಚಲು ಹೋದ.

"ಜನ ಆಯ್ತು. ಹತ್ತಿ ಬುದ್ಧಿ."

"ಸಣ್ಣೀರ, ಸ್ವಲ್ಪ ಕೂತುಕೋ."

ಪಶುಪತಿ ಚೌಕಗಳ ಮೇಲಿನದನ್ನೆಲ್ಲ ತೆಗೆದ. ಮತ್ತೆ ಒಂದೊಂದೇ ಇಡುತ್ತ ಬಂದ. ಇಲ್ಲಿ ರಾಜ, ಪಕ್ಕದಲ್ಲಿ ಆನೆ, ಮುಂದೆ ಎರಡು ಕಾಲಾಳು. ಅಲ್ಲಿ ಮಂತ್ರಿ. ಇಲ್ಲಿ ಕುದುರೆ. ಸಣ್ಣೀರ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನಿಂತು ನೋಡಿದ. ಎಲ್ಲ ಇಟ್ಟು ಮುಗಿಯುವ ಮೊದಲೇ ಅವನಿಗೆ ಗುರುತು ಸಿಕ್ಕಿತ್ತು.

"ವಸ್ತ್ರ ತಗುಲಿದ್ದಲ್ಲ," ಎಂದ ಪಶುಪತಿ. "ನಾನೇ ಬೀಸಿದ್ದು."

"ಗೊತ್ತು ಬುದ್ಧಿ."

"ನಡೆ ನಿನ್ನದು."

"ಏನಪ್ಪಾ, ಹೊತ್ತಾಯ್ತು!" ಎಂದು ಮೇಕೆಯವನು ಕೂಗಿದ.

"ಇರಪ್ಪಾ, ಹೊಳೆ ಎಲ್ಲೂ ಓಡೋಗಾಕಿಲ್ಲ!" ಎಂದ ಸಣ್ಣೀರ. ಹಗ್ಗ ಕೆಳಗೆ ಬಿಟ್ಟು ಕೂತ.

ಅವನ ಕುದುರೆ ನೆಗೆಯಿತು. ರಾಜನ ಮೇಲೆ ಕುದುರೆಯ ಕಣ್ಣು, ಹಿಂದಿನಿಂದ ಮಂತ್ರಿಯ ಕಣ್ಣು. ಪಶುಪತಿ ರಾಜನನ್ನು ಮೂಲೆಗೆ ಸರಿಸಿದ. ಬೇರೆ ಮನೆ ಇರಲಿಲ್ಲ.

ಸಣ್ಣೀರ ತನ್ನ ಮಂತ್ರಿಯನ್ನು ತಂದು ರಾಜನ ಮಗ್ಗುಲಲ್ಲೇ ಇಟ್ಟ. ಪಶುಪತಿ ಆ ಮಂತ್ರಿಯನ್ನು ತನ್ನ ಆನೆಯಿಂದ ತೆಗೆದ. ಮುಂದಿನದು ಗೊತ್ತಿತ್ತು. ಗೊತ್ತಿದ್ದೇ ತೆಗೆದ.

ಈಗ ರಾಜನ ಒಂದು ಕಡೆ ಅವನದೇ ಆನೆ, ಮುಂದೆ ಅವನವೇ ಕಾಲಾಳು. ಉಸಿರಾಡಲು ಒಂದು ಮನೆಯಿಲ್ಲ. ಕುದುರೆ ಎಲ್ಲರ ತಲೆ ಮೇಲಿಂದ ಹಾರಿ ಬಂದು ಕೂತಿತು. ಆಟ ಮುಗಿಯಿತು.

ಸಣ್ಣೀರ ನಗಲಿಲ್ಲ. ಕುದುರೆಯನ್ನೇ ನೋಡುತ್ತಿದ್ದ.

"ಎರಡು ತಿಂಗಳಾಯ್ತು ಬುದ್ಧಿ ನಿದ್ದೆ ಬಂದು. ಅದು ಹಿಂಗೇ ಬತ್ತದೋ ಇಲ್ವೋ ಅಂತ ನಂಗೂ ಪೂರಾ ಗೊತ್ತಿರ್ನಿಲ್ಲ."

"ಹೀಗೇ ಬರುತ್ತೆ," ಎಂದ ಪಶುಪತಿ. "ಬಹಳ ಚೆನ್ನಾಗಿ ಬರುತ್ತೆ ಸಣ್ಣೀರ."

ಆಗ ಸಣ್ಣೀರ ನಕ್ಕ. ಎದ್ದು ಹೋಗಿ ಹರಿಗೋಲು ನೀರಿಗೆ ತಳ್ಳಿದ. ಪಶುಪತಿ ಹತ್ತಲಿಲ್ಲ.

ಅವನು ಗಂಟಿನ ಸಮೇತ ವಾಪಸ್ಸು ಬಂದಾಗ ಗುರುಗಳು ಜಗಲಿಯ ಮೇಲೇ ಇದ್ದರು.

"ದಾಟಲಿಲ್ವಾ?"

"ಇಲ್ಲ ಗುರುಗಳೇ."

"ಸಿಕ್ಕಿತಾ?"

"ಇಪ್ಪತ್ತನಾಲ್ಕನೆಯದೇ. ಆದರೆ ಜೋಯಿಸರದಲ್ಲ, ಸಾಹೇಬರದು. ಗೊತ್ತಿದ್ದೂ ಆನೆ ತೆಗೆದದ್ದು."

ಗುರುಗಳು ಹೌದೆನ್ನಲಿಲ್ಲ. ಅದಲ್ಲ ಎಂದೂ ಅನ್ನಲಿಲ್ಲ.

"ಸಣ್ಣೀರ ಹೇಗಿದ್ದಾನೆ?" ಎಂದು ಕೇಳಿದರು.

ಪಶುಪತಿ ಗಂಟು ಇಳಿಸುವುದನ್ನೂ ಮರೆತ.

"ಅಯ್ಯೋ, ಏನು ಹೇಳಲಿ ಗುರುಗಳೇ! ಆವತ್ತಿನ ಆಟ ಇತ್ತಲ್ಲ, ಅದನ್ನೇ ಮತ್ತೆ ಇಟ್ಟೆವು. ರಾಜ ಮೂಲೆಯಲ್ಲಿ. ಮಂತ್ರಿಯನ್ನು ತಂದು ಅವನ ಮಗ್ಗುಲಲ್ಲೇ ಕೊಟ್ಟದ್ದಾಯ್ತು, ಆನೆ ತೆಗೆದದ್ದಾಯ್ತು. ಅಷ್ಟು ಹೊತ್ತಿಗೆ ನಮ್ಮ ಕುದುರೆ, ಅಬ್ಬಾ, ಎಂಥಾ ನೆಗೆತ ನೆಗೆಯಿತು ಅಂತೀರಿ..."

"ಯಾರ ಕುದುರೆ?" ಎಂದರು ಗುರುಗಳು.

ಪಶುಪತಿಯ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಗುರುಗಳು ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇರಲಿ, ಇರಲಿ. ಎಲ್ಲಿಂದ ನೆಗೆಯಿತು, ಅದನ್ನು ತೋರಿಸು."