ಹೊಸ್ತಿಲ ಮೇಲೆ ‘ಬರ್ತೀನಿ’ ಅಂದ ಹೊನ್ನಾಜಿ

ಒಂದು ರಾಜ್ಯ ಇತ್ತು. ಯಾವ ರಾಜ್ಯ ಅಂತ ಕೇಳಬೇಡಿ, ಹೆಸರು ಹೇಳಿದರೆ ಅವರ ಕಡೆ ನೆಂಟರು ನನ್ನ ಬಾಗಿಲಿಗೆ ಜಗಳಕ್ಕೆ ಬರ್ತಾರೆ. ಆ ರಾಜ್ಯಕ್ಕೊಬ್ಬ ರಾಜ, ರಾಜನಿಗೊಬ್ಬಳು ಮಗಳು. ಹೆಸರು ಹೊನ್ನಾಜಿ. ನೋಡೋಕೆ ಹೊನ್ನು, ಬಾಯಿ ಬಿಟ್ಟರೆ ಮೆಣಸಿನಕಾಯಿ. ಮೂರು ಕಡೆಯಿಂದ ಗಂಡು ಬಂದು, ಮೂರು ಕಡೆಯವರೂ ಉಪ್ಪಿಟ್ಟು ಮುಗಿಸದೆ ಎದ್ದು ಹೋಗಿದ್ದರು.

ಆ ಊರಲ್ಲಿ ಒಂದು ವರ್ಷದಿಂದ ಬೆಳಗೇ ಆಗಿರಲಿಲ್ಲ. ಕೋಳಿ ಕೂಗೋದು ಮರೆತವು. ಹಸು ಕೊಟ್ಟಿಗೆ ದಾರಿ ಮರೆತವು. ಗಂಡಂದಿರು ತಮ್ಮ ಮನೆ ಬಾಗಿಲು ಮರೆತರು. ಆ ಸುದ್ದಿ ಬೇಡ, ಮಕ್ಕಳು ಕೂತಿದಾವೆ.

ಸುಖವಾಗಿದ್ದವನು ಮಂತ್ರಿ ಗುಮ್ಮಣ್ಣ ಒಬ್ಬನೇ. ಊರಿಗೆಲ್ಲ ದೀಪದ ಎಣ್ಣೆ ಅವನ ಗಾಣದ್ದೇ. ಎಡಗಿವಿಗೆ ಮಾತ್ರ ಹರಳಿನ ಒಂಟಿ ಹಾಕುತ್ತಿದ್ದ. ಬಲಗಿವಿಯ ಒಂಟಿ ಯಾರ ಮನೆಯಲ್ಲಿ ಬಿಟ್ಟ ಅಂತ ಅವನ ಹೆಂಡತಿಯೊಬ್ಬಳಿಗೇ ಗೊತ್ತಿರಲಿಲ್ಲ.

“ಮಹಾಸ್ವಾಮಿ, ಇದು ಮಸಿಬೆಟ್ಟದ ಇರುಳರಾಯನ ಕೆಲಸ. ಅವನು ಸತ್ತರೆ ಬೆಳಗಾಗುತ್ತೆ” ಅಂದ ಗುಮ್ಮಣ್ಣ.

ಇರುಳರಾಯ ಮನುಷ್ಯನೂ ಅಲ್ಲ, ದೆವ್ವವೂ ಅಲ್ಲ. ನೆರಳಿನ ಜಾತಿ. ಯಾರಾದರೂ ‘ಬಾ’ ಅಂತ ಕರೆಯದೆ ಅವನು ಬೆಟ್ಟದ ಮೇಲಿನ ತನ್ನ ಕೋಟೆ ಹೊಸ್ತಿಲು ದಾಟಿ ಹೊರಗೆ ಬರೋ ಹಂಗಿಲ್ಲ. ಅಂಥವನನ್ನು ಯಾರು ಕರೀತಾರೆ? ನೂರು ವರ್ಷದಿಂದ ಒಳಗೇ ಕೂತಿದ್ದ.

ರಾಜನಿಗೆ ಮಂಡಿ ನೋವು. ಹೊನ್ನಾಜಿ ಕತ್ತಿ ಹಿಡಿದು ತಾನೇ ಬೆಟ್ಟ ಹತ್ತಿದಳು. ಕೋಟೆ ಹೊಕ್ಕು ಇರುಳರಾಯನ ಮೇಲೆ ಬೀಸಿದಳು. ಕತ್ತಿ ಅವನೊಳಗೆ ಹೊಗೆಯಲ್ಲಿ ಹೋದ ಹಾಗೆ ಹೋಗಿ ಆಚೆ ಬಂತು.

“ಬಂದೆಯಾ, ಕಳ್ಳರ ಊರಿನವಳೇ” ಅಂದ ಇರುಳರಾಯ.

“ಸೂರ್ಯನನ್ನೇ ನುಂಗಿದ ಮಸಿಮಡಕೆ, ನೀನು ನಮ್ಮನ್ನು ಕಳ್ಳರು ಅಂತೀಯಾ?”

“ನಿನ್ನ ಮುಖ ನೋಡೋಕೆ ಸೂರ್ಯ ಬೇರೆ ಬೇಕಾ?”

ಹೊನ್ನಾಜಿ ಉರಿದುಕೊಂಡು ಹೊರಟಳು. ಆದರೆ ನಮ್ಮಲ್ಲಿ ಹೊಸ್ತಿಲ ಮೇಲೆ ನಿಂತು ‘ಹೋಗ್ತೀನಿ’ ಅಂತ ಯಾರು ಅಂತಾರೆ? ಅಪಶಕುನ. ಶತ್ರು ಮನೆಯಾದರೂ ಅಭ್ಯಾಸ ಬಿಡುತ್ತಾ? “ಬರ್ತೀನಿ” ಅಂದುಬಿಟ್ಟಳು.

ಮಾರನೇ ದಿನ ತಲೆ ಬಾಚುತ್ತಾ ಕೂತಿದ್ದಳು. ಅರ್ಧ ಜಡೆ ಆಗಿತ್ತು. ಕಾಲುಗಳು ತಾವೇ ಎದ್ದು ಬೆಟ್ಟದ ಕಡೆ ನಡೆದವು. ದಾರಿಯಲ್ಲಿ ಒಂದು ಪಂಜು ಕಿತ್ತುಕೊಂಡಳು, ಸುಡೋಣ ಅಂತ.

“ಇನ್ನರ್ಧ ಜಡೆ ಯಾರು ತಿಂದರು?” ಅಂದ ಇರುಳರಾಯ, ಉಫ್ ಅಂತ ಪಂಜು ಆರಿಸಿದ. ಅವಳು ಮೆಟ್ಟಿಲು ಎಡವಿದಳು. ಅವನು ಮೊಣಕೈ ಹಿಡಿದ.

“ಬಿಡು ಕೈ.”

“ಬಿಟ್ಟರೆ ಬೀಳ್ತೀಯ.”

“ಬೀಳ್ತೀನಿ, ನಿನಗೇನು?”

ದೊಪ್ಪಂತ ಬಿದ್ದಳು. ಅವನು ನಕ್ಕ. “ಇಲ್ಲಿ ಆಡಿದ ಮಾತು ಆಗೇ ತೀರುತ್ತೆ ಕಣೇ. ನಿನ್ನೆ ಬರ್ತೀನಿ ಅಂದೆ, ಬಂದೆ. ಇವತ್ತು ಹೋಗ್ತೀನಿ ಅನ್ನು, ನನ್ನ ಮುಖ ಮತ್ತೆ ನೋಡೋ ಪಾಡಿಲ್ಲ.”

ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತಳು. ಕೊನೆಗೆ, “ಬರ್ತೀನಿ” ಅಂದಳು. ಗೊತ್ತಿದ್ದೂ ಅಂದಳು ನೋಡಿ. ನನಗೆ ಅಲ್ಲೇ ಅನುಮಾನ ಬಂತು.

ಮೂರನೇ ದಿನ ಗುಮ್ಮಣ್ಣ ವಿಷ ಬೆರೆಸಿದ ಕಜ್ಜಾಯ ಕೊಟ್ಟು ಕಳಿಸಿದ. ಹೊನ್ನಾಜಿ ಜಡೆ ಪೂರ್ತಿ ಹೆಣೆದು, ಹೂವನ್ನೂ ಮುಡಿದಿದ್ದಳು. ಕೊಲ್ಲೋಕೆ ಹೋಗೋಳಿಗೆ ಹೂವು ಯಾಕೆ, ನೀವೇ ಹೇಳಿ.

“ನೂರು ವರ್ಷದಲ್ಲಿ ನನಗೆ ಅಂತ ಯಾರೂ ತಿನ್ನೋಕೆ ತಂದಿರಲಿಲ್ಲ” ಅಂದ ಇರುಳರಾಯ. ಕಜ್ಜಾಯ ಬಾಯಿಯ ಹತ್ತಿರ ಹೋಯಿತು. ಹೊನ್ನಾಜಿ ಫಟ್ಟಂತ ಅವನ ಕೈಗೆ ಹೊಡೆದು ಬೀಳಿಸಿದಳು.

“ಯಾಕೆ?”

“ಉಪ್ಪು ಜಾಸ್ತಿ.”

“ಕಜ್ಜಾಯಕ್ಕೆ ಉಪ್ಪಾ?”

ಅವಳು ಅಳುತ್ತಾ ವಿಷದ ಮಾತು ಒಪ್ಪಿಕೊಂಡಳು. ಅವನು ಸಿಟ್ಟಾಗಲಿಲ್ಲ. “ನಿಮ್ಮೂರಿನವರ ಕೈಗುಣವೇ ಅಷ್ಟು. ಹೋದ ವರ್ಷ ಒಬ್ಬ ಬಂದಿದ್ದ. ಕಣ್ಣು ತೋರಿಸಿದ, ಚೊಂಬು ತೋರಿಸಿದ. ಪಾಪ, ಕಣ್ಣುನೋವು ಅಂತ ಒಂದು ಚೊಂಬು ಕತ್ತಲೆ ಕೊಟ್ಟೆ. ತಂದುಕೊಡ್ತೀಯಾ ಅಂದರೆ ಬಾಯಿ ಬಿಡಲಿಲ್ಲ, ಬರೀ ತಲೆ ಅಲ್ಲಾಡಿಸಿದ. ಮಾತೇ ಆಡದವನನ್ನು ಏನು ಹಿಡಿಯಲಿ?”

“ಅವನ ಎಡಗಿವಿಗೆ ಮಾತ್ರ ಹರಳಿನ ಒಂಟಿ ಇತ್ತಾ?”

“ಇತ್ತು. ಆ ಚೊಂಬು ನನ್ನ ಕೈಗೆ ಬಂದರೆ ಕತ್ತಲೆಯೂ ಹಿಂದಕ್ಕೆ ಬರುತ್ತೆ.”

ಹೊನ್ನಾಜಿ ಕಣ್ಣು ಒರೆಸಿಕೊಂಡಳು. “ಹೋಳಿಗೆ ಮಾಡಿಡು. ಬರ್ತೀನಿ.”

ಊರಿಗೆ ಬಂದವಳೇ ಗುಮ್ಮಣ್ಣನ ಕಿವಿಯಲ್ಲಿ ಊದಿದಳು. “ಇರುಳರಾಯ ಸತ್ತ, ಮಂತ್ರಿಗಳೇ. ಕೋಟೆ ತುಂಬ ಕತ್ತಲೆ, ಕೇಳೋರಿಲ್ಲ. ಆದರೆ ತುಂಬಿಕೊಳ್ಳೋಕೆ ಕತ್ತಲೆ ಹಿಡಿದು ಪಳಗಿದ ಪಾತ್ರೆಯೇ ಬೇಕಂತೆ. ಹೊಸದಾದರೆ ಬಿರಿಯುತ್ತಂತೆ.”

ಗುಮ್ಮಣ್ಣ ಗಾಣದ ಹಿಂದೆ ಹೂತಿಟ್ಟ ಚೊಂಬು ಅಗೆದು, ಸೆರಗಿನಲ್ಲಿ ಮುಚ್ಚಿಕೊಂಡ ಹೆಂಗಸಿನ ಹಾಗೆ ಶಲ್ಯದಲ್ಲಿ ಮುಚ್ಚಿಕೊಂಡು ಓಡಿಬಂದ. ಒಳಗೆ ಕಾಲಿಟ್ಟರೆ ಇರುಳರಾಯ ಜೀವಂತ ಕೂತಿದ್ದಾನೆ. ಚೊಂಬು ಕಿತ್ತುಕೊಂಡ. ಊರ ಕತ್ತಲೆಯೆಲ್ಲ ಸುರ್ರಂತ ಹಿಂದಕ್ಕೆ ಬಂದು ಚೊಂಬಿಗೆ ಇಳಿಯಿತು. ಕೆಳಗೆ ಒಂದು ವರ್ಷದಿಂದ ಕೂಗದಿದ್ದ ಕೋಳಿಗಳೆಲ್ಲ ಒಟ್ಟಿಗೆ ಕೂಗಿದವು.

ಗುಮ್ಮಣ್ಣ ತುಟಿ ಬಿಗಿದುಕೊಂಡ. ಮಾತಾಡಿದರೆ ಸಿಕ್ಕಿಬೀಳ್ತೀನಿ ಅಂತ ಗೊತ್ತು ಕಳ್ಳನಿಗೆ.

“ನೆಂಟರು ಉಣ್ಣದೆ ಹೋಗೋದುಂಟೇ?” ಅಂತ ಅವನ ಹಿಂದೆಯೇ ಬಂದಿದ್ದ ಹೊನ್ನಾಜಿ ಎಲೆ ಹಾಕಿದಳು. ಆರು ಹೋಳಿಗೆ ಬಡಿಸಿ, ಇನ್ನೊಂದು ಅಂದಳು. ತಲೆ ಅಲ್ಲಾಡಿಸಿದ. ಹಾಕಿದಳು. ಇನ್ನೊಂದು ಅಂದಳು. ಎರಡೂ ಕೈ ಎಲೆಗೆ ಅಡ್ಡ ಇಟ್ಟ. ಕೈ ಮೇಲೇ ಹಾಕಿದಳು. ಇನ್ನೊಂದು ಅಂದು ತುಪ್ಪದ ಗಿಂಡಿ ಎತ್ತಿದಳು. ಗುಮ್ಮಣ್ಣನ ಹೊಟ್ಟೆ ತಮಟೆ ಆಯ್ತು.

ಲೆಕ್ಕ ಹಾಕಿದ. ‘ಬರ್ತೀನಿ ಅಂದರೆ ಮತ್ತೆ ಇವರ ಕೈಗೆ ಬೀಳಬೇಕು. ಹೋಗ್ತೀನಿ ಅಂದರೆ ಪೀಡೆ ಕಳೀತು.’ ಬುದ್ಧಿವಂತ ಅಲ್ಲವೇ? ಎದ್ದು ನಿಂತು, “ಸಾಕು ತಾಯಿ, ನಾನು ಹೋಗ್ತೀನಿ” ಅಂದ.

ಹೋದ. ಬೆಟ್ಟ ಇಳಿದ, ನಿಲ್ಲೋಕಾಗಲಿಲ್ಲ. ಗಾಣ ದಾಟಿದ, ನಿಲ್ಲೋಕಾಗಲಿಲ್ಲ. ಆ ಇನ್ನೊಂದು ಒಂಟಿ ಬಿಟ್ಟಿದ್ದ ಮನೆಯವಳು ಬಾಗಿಲಲ್ಲೇ ನಿಂತಿದ್ದಳು, ಅಲ್ಲೂ ನಿಲ್ಲೋಕಾಗಲಿಲ್ಲ. ಇನ್ನೂ ಹೋಗ್ತಾನೇ ಇದ್ದಾನೆ.

ಕೋಟೆಯಲ್ಲಿ ಇಬ್ಬರೇ ಉಳಿದರು. “ಕೆಲಸ ಮುಗೀತು. ನೀನೂ ಹೋಗ್ತೀನಿ ಅನ್ನು, ಬಿಡುಗಡೆ” ಅಂದ ಇರುಳರಾಯ, ಅವಳ ಮುಖ ನೋಡದೆ.

ಹೊನ್ನಾಜಿ ಹೊಸ್ತಿಲು ದಾಟಿ, ತಿರುಗಿ ನಿಂತಳು. “ನೀನು ಬಾ.”

ನೂರು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಅಂದಿರಲಿಲ್ಲ.

“ಬಿಸಿಲಿಗೆ ಕರಗಿದರೆ?”

“ಕರಗಿದರೆ ನನ್ನ ಕಾಲ ಹತ್ತಿರ ನಿಲ್ಲು. ನೆರಳಿಗೆ ಅಲ್ಲಿ ಜಾಗ ಇದೆ.”

“ಬರ್ತೀನಿ” ಅಂದ. ಅಲ್ಲಿ ಆಡಿದ ಮಾತು ಆಗೇ ತೀರಬೇಕಲ್ಲ. ಬಂದ. ಕರಗಲಿಲ್ಲ.

ರಾಜನ ಮಗಳು ನೆರಳಿನ ಜಾತಿಯವನಿಗೆ ಮನಸೋತಳು ಅಂತ ಊರವರು ಮೂರು ದಿನ ಆಡಿಕೊಂಡರು. ನಾಲ್ಕನೇ ದಿನ ಮದುವೆ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತರು. ಆಡಿಕೊಂಡವರಲ್ಲಿ ನಾನೂ ಇದ್ದೆ, ಮೊದಲ ಪಂಕ್ತಿಯಲ್ಲೂ ಇದ್ದೆ. ಸುಳ್ಳು ಯಾಕೆ ಹೇಳಲಿ.

ನೀತಿ ಇಷ್ಟೇ. ಮಾತಿಗೆ ಸಿಗದೆ ತಲೆ ಅಲ್ಲಾಡಿಸೋನಿಗೆ ನಿಲ್ಲೋಕೊಂದು ಬಾಗಿಲು ಉಳಿಯೋದಿಲ್ಲ. ಜಗಳವಾಡಿದ ಮನೆಯಿಂದಲೂ ‘ಬರ್ತೀನಿ’ ಅಂದೇ ಏಳಬೇಕು. ಯಾವ ಬಾಗಿಲ ಹಿಂದೆ ಯಾರು ನಮ್ಮವರು ಅಂತ ಯಾರಿಗೆ ಗೊತ್ತು?

ಕಥೆ ಆಯ್ತು, ಏಳಿ. ಹೊಸ್ತಿಲ ಮೇಲೆ ಏನನ್ನಬೇಕು ಅಂತ ನಾನು ಹೇಳಿಕೊಡಬೇಕಾಗಿಲ್ಲ.