ಉಕ್ಕಿನ ಬಿಲ್ಲೆಯ ಅತಿಥಿ ಸತ್ಕಾರ

ಅಣುಸ್ಥಾವರದ ಉಕ್ಕಿನ ಗೋಡೆ ಎಷ್ಟು ಗಟ್ಟಿಯಾಗಿ ಉಳಿದಿದೆಯೆಂದು ತಿಳಿಯಲು ಅದೇ ಉಕ್ಕಿನ ಒಂದು ಬಿಲ್ಲೆಯನ್ನು ಒಳಗೆ ನೇತುಹಾಕಿದ್ದರು. ಇಪ್ಪತ್ತು ವರ್ಷ ವಿಕಿರಣದ ಏಟು ತಿಂದ ಮೇಲೆ ಅದನ್ನು ಹೊರತೆಗೆದು, ಉಜ್ಜಿ ಹೊಳಪು ಕೊಟ್ಟು, ಪರೀಕ್ಷೆಗೆ ಇಟ್ಟರು. ಪರೀಕ್ಷಿಸಲು ಅದರೊಳಗೆ ಹೊಕ್ಕವನು ಪಾಸಿಟ್ರಾನ್ ಎಂಬ ಕಣ, ಎಲೆಕ್ಟ್ರಾನ್ ಎದುರಾದರೆ ಬೆಳಕಾಗಿ ಅಳಿದುಹೋಗುವ ಅಲ್ಪಾಯುಷಿ.

"ನನ್ನಲ್ಲಿ ಹುಳುಕು ಹುಡುಕಲು ಬಂದೆಯಾ? ಈ ಹೊಳಪು ಕಾಣುವುದಿಲ್ಲವೇ?" ಎಂದು ಬಿಲ್ಲೆ ಸಿಡುಕಿತು.

"ಹೊಳಪು ಹೊರಗೆ ನಿಂತವರಿಗೆ. ನನ್ನ ಕೆಲಸ ಒಳಗಿದೆ," ಎಂದು ಪಾಸಿಟ್ರಾನ್ ಮುಂದೆ ನಡೆದು ಒಂದು ಪುಟ್ಟ ಗುಳಿಯಲ್ಲಿ ಸಿಕ್ಕಿಕೊಂಡ. ಅಲ್ಲಿ ಎಲೆಕ್ಟ್ರಾನುಗಳು ಕಡಿಮೆ. ಸಾವು ತಡವಾಯಿತು.

ಬಿಲ್ಲೆ ಬೀಗಿತು. "ಹೊಸ ಉಕ್ಕಿನೊಳಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದೆ. ನಾನು ಜಾಗ ಕೊಟ್ಟೆ, ಆಯುಷ್ಯ ಕೊಟ್ಟೆ. ಉಂಡ ಮನೆಗೆ ಎರಡು ಬಗೆಯುತ್ತೀಯಾ?"

ಪಾಸಿಟ್ರಾನಿಗೆ ರೇಗಿತು. "ಯಾರ ಜಾಗ ಕೊಟ್ಟೆ? ಇಲ್ಲಿದ್ದ ನಿನ್ನದೇ ಪರಮಾಣುಗಳು ಏಟಿಗೆ ಕಿತ್ತುಹೋಗಿವೆ. ಆ ಗುಂಡಿಗೆ ಅತಿಥಿಗೃಹವೆಂದು ಹೆಸರಿಡುತ್ತೀಯಾ? ನೀನು ಗಟ್ಟಿಯೆಂದು ನಂಬಿ ಆ ಗೋಡೆಯ ಪಕ್ಕದಲ್ಲಿ ಮುನ್ನೂರು ಜನ ದುಡಿಯುತ್ತಿದ್ದಾರೆ. ನಾಚಿಕೆಯಾಗುವುದಿಲ್ಲವೇ?" ಎಂದವನೇ, ಕೊನೆಗೂ ಎದುರಾದ ಎಲೆಕ್ಟ್ರಾನನ್ನು ಅಪ್ಪಿ ಬೆಳಕಾಗಿ ಹೊರಬಿದ್ದ.

ಹೊರಗೆ ಅವನ ಆಯುಷ್ಯ ಅಳೆಯುತ್ತಿದ್ದ ಪರೀಕ್ಷಕಿ ವಾರಿಜಾಕ್ಷಿ ಕುರ್ಚಿಯಿಂದ ಎದ್ದು ನಿಂತಳು.

"ಇವನು ಇಷ್ಟು ಹೊತ್ತು ಬದುಕಬಾರದಿತ್ತು. ಸ್ಥಾವರ ನಿಲ್ಲಿಸಿ, ಗೋಡೆ ಒಳಗೇ ಟೊಳ್ಳಾಗಿದೆ!"