ಮಾತು ಬಿಟ್ಟವರ ಕೊಳ

ಒಂದು ಕಾಡಿನ ನಡುವೆ, ಬೆಳಗಿನ ಮಂಜಿಗೆ ಎದ್ದುಹೋಗಲು ಮನಸ್ಸೇ ಬಾರದಂಥ ತಗ್ಗಿನಲ್ಲಿ, ಒಂದು ಕೊಳವಿತ್ತು. ಅದರ ದಡದ ಬಿಲದಲ್ಲಿ ನಿಂಗಕ್ಕ ಎಂಬ ಮುದಿ ಏಡಿ ವಾಸವಾಗಿದ್ದಳು. ಮಲಗಿದರೂ ಅವಳ ಸುತ್ತ ನೀರು, ಎದ್ದರೂ ನೀರು. ಎಚ್ಚರ ಯಾವುದು, ಕನಸು ಯಾವುದು ಎಂದು ಅವಳು ಎಂದೂ ತಲೆ ಕೆಡಿಸಿಕೊಂಡವಳಲ್ಲ.

ಕೊಳದ ಈಚೆ ಬದಿಗೆ ಕಾಡುಹಂದಿಗಳು, ಆಚೆ ಬದಿಗೆ ಕಪ್ಪು ಮೂತಿಯ ಕೋತಿಗಳಾದ ಮುಸುವಗಳು. ಹಂದಿಗಳಲ್ಲಿ ಗುಂಡಣ್ಣ ಹಿರಿಯ. ಮುಸುವಗಳಲ್ಲಿ ಮಲ್ಲವ್ವ ಹಿರಿಯಳು. ಎರಡು ಕಡೆಯವರೂ ಮಾತು ಬಿಟ್ಟು ಎಷ್ಟೋ ಬೇಸಿಗೆಗಳಾಗಿದ್ದವು. ಯಾಕೆ ಎಂದು ಕೇಳಿದರೆ ಒಬ್ಬರೂ ಸರಿಯಾಗಿ ಹೇಳುತ್ತಿರಲಿಲ್ಲ. ಹಿಂದೆ ಒಂದು ಅತ್ತಿಮರ ಬಿದ್ದಿತ್ತಂತೆ. ಬುಡ ಅಗೆದವರು ಇವರಂತೆ, ಕೊಂಬೆ ಜಗ್ಗಿದವರು ಅವರಂತೆ. ಬರೀ ಅಂತೆಕಂತೆ. ಆದರೂ ಹಂದಿಗಳು ಬೆಳಿಗ್ಗೆ ನೀರಿಗೆ ಬಂದರೆ ಮುಸುವಗಳು ಇಳಿಹೊತ್ತಿಗೇ ಬರುತ್ತಿದ್ದವು.

ಏನಾದರೂ ಹೇಳಿಕಳಿಸಲೇಬೇಕಾದಾಗ ನಡುವೆ ಓಡಾಡುತ್ತಿದ್ದವನು ಚೆಲುವಯ್ಯ ಎಂಬ ನರಿ. ಅದಕ್ಕಾಗಿ ಹಂದಿಗಳು ಅವನಿಗೆ ಸಿಹಿಗೆಡ್ಡೆ ಕೊಡುತ್ತಿದ್ದವು, ಮುಸುವಗಳು ಹಣ್ಣು ಉದುರಿಸುತ್ತಿದ್ದವು. "ನಾಳೆ ನಾವು ಸ್ವಲ್ಪ ತಡವಾಗಿ ಬರ್ತೀವಿ ಅಂತ ಹೇಳಪ್ಪ" ಎಂದು ಗುಂಡಣ್ಣ ಕಳಿಸಿದರೆ, ಚೆಲುವಯ್ಯ ಮಲ್ಲವ್ವನ ಹತ್ತಿರ, "ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಮುಖ ನೋಡಿದ್ರೆ ಅನ್ನ ಹುಟ್ಟಲ್ವಂತೆ" ಎನ್ನುತ್ತಿದ್ದ. ಮಾತು ಹುಳಿಯಾದಷ್ಟೂ ಅವನ ಹೊಟ್ಟೆ ದುಂಡಗಾಗುತ್ತಿತ್ತು.

ಹೀಗಿರುವಾಗ ಕೊಳದಲ್ಲಿ ಹೂಳು ತುಂಬಿತು. "ಅವರು ಕುಡಿಯೋ ನೀರಿಗೆ ನಾವ್ಯಾಕೆ ಮೈ ಬಗ್ಗಿಸೋಣ" ಎಂದು ಇವರು ಕೂತರು. ಅವರೂ ಅದನ್ನೇ ಹೇಳಿ ಕೂತರು. ಒರತೆಯ ಕಣ್ಣು ಮುಚ್ಚಿಹೋಗಿ, ಆ ಬೇಸಿಗೆಯಲ್ಲಿ ಕೊಳ ಒಂದು ಕೆಸರುಹೊಂಡವಾಯಿತು. ಹಂದಿಗಳಿಗೂ ಮುಸುವಗಳಿಗೂ ಎರಡು ಗುಡ್ಡ ದಾಟಿದರೆ ಹೊಳೆಯಿತ್ತು. ನಿಂಗಕ್ಕ ಅಷ್ಟು ದೂರ ಹೊರಟರೆ ಅರ್ಧ ದಾರಿಯಲ್ಲೇ ಮೈ ಒಣಗಿ ಸಾಯುತ್ತಿದ್ದಳು. ಕೊಳ ಉಳಿದರೆ ಮಾತ್ರ ಅವಳು ಉಳಿಯುವುದು.

ಒಂದು ಮುಂಜಾನೆ ಅವಳು ಬಿಲದಲ್ಲಿ ಅರೆನಿದ್ದೆಯಲ್ಲಿದ್ದಳು. ಕೆಳಗಿನಿಂದ, ಬಹಳ ಕೆಳಗಿನಿಂದ, ಸಣ್ಣಗೆ ಗುನುಗುವ ಸದ್ದು ಕೇಳಿಸಿತು. ಅದು ಒರತೆಯ ಸದ್ದು. ಒಲೆ ಮುಂದೆ ಕೂತ ತಾಯಿ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುವ ಹಾಗಿತ್ತು.

"ಇನ್ನೂ ಇದ್ದೀಯಾ ತಾಯಿ? ಇರು, ಬಂದೆ" ಎಂದು ನಿಂಗಕ್ಕ ಎದ್ದಳು. ಇಕ್ಕಳದಂಥ ಕೈಯಲ್ಲಿ ಗೋಲಿಯಷ್ಟು ಹೂಳು ಹಿಡಿದು ದಡದಾಚೆ ಹಾಕಿ ಬಂದಳು. ಮತ್ತೆ ಇನ್ನೊಂದು ಗೋಲಿ. ಮತ್ತೆ ಇನ್ನೊಂದು.

ಚೆಲುವಯ್ಯ ನೋಡಿ ನಕ್ಕ. "ಏನಕ್ಕ, ಈ ಕೆಲಸ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಕಣಪ್ಪ."

"ಯಾರೂ ಹೇಳದೆ, ಏನೂ ಸಿಗದೆ, ಯಾರಾದ್ರೂ ಮೈ ಮುರೀತಾರಾ? ನಿಂಗೆ ಬಿಸಿಲು ತಲೆಗೇರಿದೆ."

"ಏರಿರಬಹುದು" ಎಂದು ನಿಂಗಕ್ಕ ಇನ್ನೊಂದು ಗೋಲಿ ಹೊತ್ತಳು.

ನೀರಿಗೆ ಬಂದ ಗುಂಡಣ್ಣ ಬಹಳ ಹೊತ್ತು ಅವಳನ್ನು ನೋಡಿದ. ಅವನಿಗೆ ನಾಚಿಕೆಯಾಯಿತು. ಹಾಗಂತ ಒಪ್ಪಿಕೊಳ್ಳುವ ಆಸಾಮಿಯಲ್ಲ. ಮೂತಿ ತುರಿಸುತ್ತಿದೆ ಎಂಬ ನೆಪದಲ್ಲಿ ಗಟ್ಟಿ ಹೂಳನ್ನು ಒಂದಿಷ್ಟು ಎಬ್ಬಿಸಿ ಹೋದ. ಇಳಿಹೊತ್ತಿಗೆ ಬಂದ ಮಲ್ಲವ್ವ ಆ ಸಡಿಲ ಮಣ್ಣನ್ನು ಕಂಡಳು. ಹಾಗೇ ಬಿಟ್ಟರೆ ಅದು ಮತ್ತೆ ಜಾರಿ ಒಳಗೇ ಸೇರುತ್ತಿತ್ತು. ಅವಳು ಅದನ್ನು ತೇಗದ ಎಲೆಯಲ್ಲಿ ತುಂಬಿ ದಡದಾಚೆ ಚೆಲ್ಲಿದಳು. ಮರುದಿನ ಗುಂಡಣ್ಣನ ಮೂತಿ ಇನ್ನಷ್ಟು ತುರಿಸಿತು.

ನಾಲ್ಕೇ ದಿನದಲ್ಲಿ ಎರಡೂ ಹಿಂಡುಗಳು ಒಂದೇ ಹೊತ್ತಿಗೆ ಕೊಳಕ್ಕಿಳಿದವು. ಹಂದಿಗಳು ಅಗೆಯುವುದು, ಮುಸುವಗಳು ಹೊರುವುದು. ಆದರೆ ಮಾತು ಬಿಟ್ಟವರು ಮಾತಾಡುವುದು ಹೇಗೆ? ಮಾತೆಲ್ಲ ನಿಂಗಕ್ಕನ ತಲೆಯ ಮೇಲೆ ಬಿತ್ತು.

"ನಿಂಗಕ್ಕ, ಯಾರಾದ್ರೂ ಆ ಎಲೇನ ಸ್ವಲ್ಪ ಇತ್ತ ಹಿಡಿದ್ರೆ ಚೆನ್ನಾಗಿತ್ತು" ಎಂದ ಗುಂಡಣ್ಣ. ಮಲ್ಲವ್ವ ಒಂದು ಮೊಳ ದೂರದಲ್ಲಿದ್ದಳು.

"ನಿಂಗಕ್ಕ, ಯಾರಾದ್ರೂ ಮುಖಕ್ಕೆ ಕೆಸರು ಎರಚದೆ ಅಗೆದ್ರೆ ಹಿಡೀಬಹುದು" ಎಂದಳು ಮಲ್ಲವ್ವ.

ಇಬ್ಬರ ನಡುವೆ ಕೂತು ಹೂಂಗುಟ್ಟಿ ಹೂಂಗುಟ್ಟಿ ನಿಂಗಕ್ಕನಿಗೆ ಸಾಕಾಯಿತು. ಆದರೆ ಅವಳಿಗೆ ಒಳಗೊಳಗೇ ಖುಷಿ.

ಚೆಲುವಯ್ಯನಿಗೆ ಮಾತ್ರ ಹೊಟ್ಟೆ ಚುರುಗುಟ್ಟತೊಡಗಿತು. ಗೆಡ್ಡೆಯೂ ಇಲ್ಲ, ಹಣ್ಣೂ ಇಲ್ಲ. ಅವನು ಹಂದಿಗಳ ಬಳಿ ಹೋಗಿ, "ಹೂಳೆಲ್ಲ ನಿಮ್ಮ ಕೈಲಿ ಅಗೆಸಿ, ಆಮೇಲೆ ಕೊಳಕ್ಕೆ ಮುಳ್ಳುಬೇಲಿ ಹಾಕ್ತಾರಂತೆ" ಎಂದ. ಮುಸುವಗಳ ಬಳಿ ಹೋಗಿ, "ಅಷ್ಟು ಆಳ ಅಗೀತಿರೋದು ಯಾಕೆ ಗೊತ್ತಾ? ನಿಮ್ಮನ್ನ ತಳ್ಳಿ ಮುಳುಗಿಸೋಕೆ" ಎಂದ. ಮರುದಿನ ಕೊಳಕ್ಕೆ ಒಬ್ಬರೂ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಉಳಿದ ನೀರು ತಟ್ಟೆಯಷ್ಟಾಯಿತು. ನಿಂಗಕ್ಕನಿಗೆ ಅಳು ಬಂತು. ಅಳುವುದಕ್ಕೂ ನೀರು ಬೇಕಲ್ಲ ಎಂದು ತಡೆದುಕೊಂಡಳು. ಆಮೇಲೆ ಒಬ್ಬಳೇ ಗುನುಗು ಕೇಳುವ ಕಡೆಗೆ ಹೂಳನ್ನು ಕೊರೆಯುತ್ತ ಇಳಿದಳು. ಎರಡು ಮೊಳ ಇಳಿದಿದ್ದಳೋ ಇಲ್ಲವೋ, ಮೇಲಿನ ಹೂಳು ದಬಕ್ಕನೆ ಕುಸಿದು ದಾರಿ ಮುಚ್ಚಿತು.

ಒಳಗೆ ಕತ್ತಲೆ, ತಂಪು. ಕಾಲು ಅಲ್ಲಾಡಿಸಲು ಆಗಲಿಲ್ಲ. ಹೆದರಿಕೆಯಾಗಬೇಕಿತ್ತು, ಯಾಕೋ ಆಗಲಿಲ್ಲ. ಒರತೆಯ ಹಾಡು ಕಿವಿಯ ಪಕ್ಕದಲ್ಲೇ ಇತ್ತು. ಅವಳಿಗೆ ತೂಕಡಿಕೆ ಬಂತು. ಕೊಳ ತುಂಬಿ, ಮಂಜು ನೀರಿನ ಮೇಲೆ ಮಲಗಿದ ಹಾಗೆ ಕಂಡಿತು. ಎಷ್ಟು ಹೊತ್ತು ಹಾಗಿದ್ದಳೋ, ಮೇಲೆ ಭಾರದ ಹೆಜ್ಜೆಯ ಸದ್ದಾಯಿತು. ಇನ್ನೊಂದು ಹಗುರವಾದ ಹೆಜ್ಜೆಯೂ ಕೇಳಿಸಿತು. ಬಾರದೆ ಇರಲು ಗುಂಡಣ್ಣನಿಗೂ ಮಲ್ಲವ್ವನಿಗೂ ಆಗಿರಲಿಲ್ಲ.

"ನಿಂಗಕ್ಕ, ಅವರು ಮುಳ್ಳುಬೇಲಿ ಹಾಕ್ತಾರಂತಲ್ಲ, ಹೌದಾ?" ಗುಂಡಣ್ಣನ ದನಿ.

ನಿಂಗಕ್ಕ ಉತ್ತರಿಸಲು ಬಾಯಿ ತೆರೆದಳು. ಬಾಯಿ ತುಂಬ ಕೆಸರು ನುಗ್ಗಿತು.

ನಿಂಗಕ್ಕನ ಉತ್ತರಕ್ಕೆ ಕಾಯದೆ ಮಲ್ಲವ್ವನೇ ಕೇಳಿದಳು. "ಯಾವ ಬೇಲಿ? ನಿಮಗ್ಯಾರು ಹೇಳಿದ್ದು?"

"ಚೆಲುವಯ್ಯ."

"ನೀವು ನಮ್ಮನ್ನ ಮುಳುಗಿಸ್ತೀರಿ ಅಂತ ಹೇಳಿದ್ದೂ ಅವನೇ."

"ನಾನು ಯಾಕವ್ವ ಮುಳುಗಿಸ್ಲಿ? ನೀವಿಲ್ಲದಿದ್ರೆ ಈ ಹೂಳು ಹೊರೋರ್ಯಾರು?"

ಮಲ್ಲವ್ವ ನಕ್ಕಳು. ಎಷ್ಟೋ ಬೇಸಿಗೆಗಳ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಕತ್ತಲಲ್ಲಿ ಸಿಕ್ಕಿಕೊಂಡಿದ್ದ ನಿಂಗಕ್ಕನ ಎದೆ ತುಂಬಿ ಬಂತು. ಆಮೇಲೆ ನಗು ನಿಂತಿತು.

"ಅಣ್ಣ, ನಿಂಗಕ್ಕ ಎಲ್ಲಿ? ಇಲ್ಲಿ ಮಣ್ಣು ಕುಸಿದಿದೆ ನೋಡು."

ಗುಂಡಣ್ಣ ಅಗೆದ. ಮಲ್ಲವ್ವ ಬಾಚಿದಳು. ಅವರ ಕೂಗಿಗೆ ಎರಡೂ ಹಿಂಡುಗಳು ಓಡಿಬಂದವು. ಯಾರ ಕಾಲು, ಯಾರ ಕೈ ಎಂದು ಗೊತ್ತಾಗದಷ್ಟು ಕೆಸರು ಹಾರಿತು. ನಿಂಗಕ್ಕನ ಬೆನ್ನಿಗೆ ಬೆಳಕು ತಾಗಿತು. ಮಲ್ಲವ್ವ ಅವಳನ್ನು ಅಂಗೈ ಮೇಲೆ ಎತ್ತಿಕೊಂಡಳು. ಅವಳಿದ್ದ ಜಾಗದಲ್ಲಿ ಒಂದು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಮೆಲ್ಲಗೆ, ನಿದ್ದೆಯಿಂದೇಳುವ ಮಗುವಿನಂತೆ, ನೀರು ಮೇಲೆ ಬಂತು.

ಅಷ್ಟರಲ್ಲಿ ಚೆಲುವಯ್ಯ ಹೊಸ ಸುದ್ದಿ ಹೊತ್ತು ಬಂದ. ಇಬ್ಬರೂ ಅಕ್ಕಪಕ್ಕ ನಿಂತದ್ದು ನೋಡಿ ಅವನ ಬಾಲ ಕೆಳಗಿಳಿಯಿತು.

"ಬಾ ಚೆಲುವಯ್ಯ" ಎಂದಳು ಮಲ್ಲವ್ವ. "ಇವತ್ತು ಗುಂಡಣ್ಣ ನನಗೇನು ಹೇಳಿಕಳಿಸಿದಾನೆ? ಅವನ ಎದುರಿಗೇ ಹೇಳು."

ನರಿ ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೊರಗೆ ಹಾಕಿದ್ದ ಹೂಳಿನ ರಾಶಿಯೊಳಗೆ ಕುತ್ತಿಗೆಯವರೆಗೆ ಹೂತುಹೋದ. ಅಲ್ಲಿಂದಲೂ ಅವನು ಹಳೆಯ ಚಾಳಿ ಬಿಡಲಿಲ್ಲ.

"ಗುಂಡಣ್ಣ, ನನ್ನ ಎಳೆದು ಹಾಕು. ಮಲ್ಲವ್ವ ಈಗಷ್ಟೇ ನಿನ್ನ ಬಗ್ಗೆ ಏನಂದಳು ಅಂತ ಹೇಳ್ತೀನಿ."

ಗುಂಡಣ್ಣ ಪಕ್ಕಕ್ಕೆ ತಿರುಗಿದ. "ಏನಂದೆ ಮಲ್ಲವ್ವ?"

"ಬೆನ್ನ ಮೇಲೆ ಕೆಸರು ಒಣಗ್ತಿದೆ, ತೊಳ್ಕೋ ಅಂದೆ."

"ಸರಿ" ಎಂದು ಗುಂಡಣ್ಣ ನೀರಿಗಿಳಿದ.

ಸಂಜೆ ಇಬ್ಬರೂ ಸೇರಿ ನರಿಯನ್ನು ಎಳೆದು ಹೊರಗೆ ಹಾಕಿದರು. ಅವನು ತಲೆ ತಗ್ಗಿಸಿಕೊಂಡು ಗುಡ್ಡದಾಚೆ ಹೋದ. ಆ ಕಾಡಿನಲ್ಲಿ ಅವನ ಕೈಯಲ್ಲಿ ಮಾತು ಕೊಟ್ಟು ಕಳಿಸುವವರು ಯಾರೂ ಉಳಿದಿರಲಿಲ್ಲ.

ನೀತಿ: ಯಾರೂ ಹೇಳದೆ, ಏನೂ ಬಯಸದೆ ಎಲ್ಲರಿಗಾಗಿ ಕೂಡಿ ದುಡಿದರೆ ಹಳೆಯ ಹಗೆ ಕರಗುತ್ತದೆ, ಆ ಹಗೆಯಿಂದ ಹೊಟ್ಟೆ ಹೊರೆಯುವವರು ತಾವೇ ಕೆಡುತ್ತಾರೆ.